ಬಾಕ್‌ಫೀಟ್ಸ್ ಈಗಲೇ ಬೇಡ ತಂಗೀ

ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಮುಂದಿನ ತಿಂಗಳು ಕುಂಬಳೆಯಿಂದ ನೆದರ್ಲೆಂಡ್ಸ್‌ನ ಉತ್ರೆಕ್ಟ್‌ಗೆ, ನಾನಿರುವ ದೇಶಕ್ಕೆ, ಹೊರಟಿದ್ದೀಯ. ಮಗಳಿಗೆ ಒಂದೂವರೆ ವರ್ಷ. ಅವಳನ್ನು ಡೇಕೇರ್‌ಗೆ ಬಿಟ್ಟು ಕೆಲಸಕ್ಕೆ ಹೋಗಲು ಮುಂದೆ ಪೆಟ್ಟಿಗೆ ಇರುವ ಬಾಕ್‌ಫೀಟ್ಸ್ ಸೈಕಲ್ ತಗೊಳ್ಳಲೋ, ಮಾಮೂಲಿ ಸೈಕಲ್‌ಗೆ ಸೀಟು ಹಾಕಿಸಲೋ ಎಂದು ಕೇಳಿದ್ದೀಯ. ಸೀಟು ಹಾಕಿಸು. ಮೊದಲ ವರ್ಷವಂತೂ ಅಷ್ಟೇ ಸಾಕು.

ಬಾಕ್‌ಫೀಟ್ಸ್ ಫೋಟೋದಲ್ಲಿ ಬಹಳ ಚಂದ. ಮಗು, ಚೀಲ, ತರಕಾರಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಆದರೆ ಅದರ ಉದ್ದ ಹತ್ತಿರ ಹತ್ತಿರ ಎರಡೂವರೆ ಮೀಟರ್. ಬ್ಯಾಟರಿಯದ್ದಾದರೆ 50 ಕೆಜಿ ತೂಗುತ್ತದೆ, ಹೊಸತಕ್ಕೆ 5 ಸಾವಿರ ಯೂರೋ ಆಸುಪಾಸು. ನಿಮ್ಮದು ಮೂರನೇ ಮಾಳಿಗೆ, ಲಿಫ್ಟ್ ಇಲ್ಲ ಅಂದೆ ಅಲ್ವಾ? ಹಾಗಾದರೆ ರಾತ್ರಿಯೆಲ್ಲ ಅದು ಬೀದಿಯಲ್ಲೇ. ಕಳ್ಳರಿಗೆ ಇಲ್ಲಿ ಕೊರತೆ ಇಲ್ಲ. ಅದನ್ನು ರೈಲಿಗೆ ಹತ್ತಿಸಲೂ ಬಿಡುವುದಿಲ್ಲ. ಮೂರು ಚಕ್ರದ ಬಾಕ್‌ಫೀಟ್ಸ್ ಆದರೆ ಭದ್ರ ಎಂದು ಅಂದುಕೊಳ್ಳಬೇಡ. ನಿಂತಾಗ ಭದ್ರ, ವೇಗದಲ್ಲಿ ತಿರುಗಿಸಿದರೆ ಒಂದು ಚಕ್ರ ಎದ್ದೇಳುತ್ತದೆ. ಎರಡನೇ ಮಗು ಬಂದಾಗ ಬೇಕಾದರೆ ಯೋಚಿಸು.

ನಿನಗೆ ಬೇಕಾದ್ದು ಇಲ್ಲಿಯವರು 'ಮೂಡರ್‌ಫೀಟ್ಸ್' ಅನ್ನುವ ಅಮ್ಮಂದಿರ ಸೈಕಲ್. ನಮ್ಮ ಲೇಡೀಸ್ ಸೈಕಲ್‌ನ ಹಾಗೆ ನಡುವೆ ತಗ್ಗು, ಹ್ಯಾಂಡಲ್‌ಗೂ ಸೀಟಿಗೂ ನಡುವೆ ಜಾಗ ಜಾಸ್ತಿ. ಆ ಜಾಗದಲ್ಲಿ ಮಗುವಿನ ಮುಂದಿನ ಸೀಟು ಕೂರುತ್ತದೆ. ಸುಮಾರು 9 ತಿಂಗಳಿನಿಂದ 3 ವರ್ಷದವರೆಗೆ, 15 ಕೆಜಿ ತನಕ ಅದು ಸಾಕು. ಆಮೇಲೆ ಹಿಂದಿನ ಸೀಟು, ಅದು 22 ಕೆಜಿ ತನಕ ತಡೆಯುತ್ತದೆ. 8 ವರ್ಷದೊಳಗಿನ ಮಗುವಿಗೆ ಬೆನ್ನು, ಕೈ, ಕಾಲಿಗೆ ಆಸರೆ ಇರುವ ಸೀಟು ಇರಲೇಬೇಕು ಎಂಬುದು ಇಲ್ಲಿಯ ಕಾನೂನು. ನನ್ನ ಅಪ್ಪ ಅಟ್ಲಾಸ್ ಸೈಕಲ್‌ನ ಬಾರಿಗೆ ಬೈರಾಸು ಸುತ್ತಿ ನನ್ನನ್ನು ಕೂರಿಸಿ ಬದಿಯಡ್ಕ ಪೇಟೆಗೆ ಒಯ್ಯುತ್ತಿದ್ದರು. ಅದೆಲ್ಲ ಇಲ್ಲಿ ನಡೆಯದು. ಕಾಲಿನ ಬೆಲ್ಟ್ ಮಾತ್ರ ಒಂದು ದಿನವೂ ಮರೆಯಬೇಡ. ಮಕ್ಕಳ ಪಾದ ಚಕ್ರದ ಕಡ್ಡಿಗೆ ಸಿಕ್ಕುವುದು ಇಲ್ಲಿ ಅಪರೂಪವಲ್ಲ.

ಈಗ ಯಾರೂ ಹೇಳದ ಮಾತು: ಸ್ಟ್ಯಾಂಡ್ ನೋಡಿ ಸೈಕಲ್ ತಗೋ. ನನ್ನ ಮಗ ಬಿದ್ದದ್ದು ಸೈಕಲ್ ಓಡುವಾಗ ಅಲ್ಲ, ನಿಂತಿದ್ದಾಗ. ನಮ್ಮದು ಒಂದೇ ಕಾಲಿನ ಸ್ಟ್ಯಾಂಡ್. ಅವನನ್ನು ಕೂರಿಸಿ ಬೀಗ ತೆಗೆಯಲು ಬಗ್ಗಿದೆ, ಹ್ಯಾಂಡಲ್ ತಾನಾಗಿ ತಿರುಗಿತು, ಸೈಕಲ್ ಮಗುಸಮೇತ ಅಡ್ಡ ಬಿತ್ತು. ಹೆಲ್ಮೆಟ್ ಇತ್ತು, ಪುಣ್ಯ. ಇಲ್ಲಿ ಅದು ಕಡ್ಡಾಯವಲ್ಲ, ಡಚ್ಚರು ಹಾಕುವುದೂ ಕಡಿಮೆ. ನೀನು ಹಾಕಿಸು, ನಗುವವರು ನಗಲಿ. ಆಮೇಲೆ ನಾವು ಅಗಲವಾದ ಎರಡು ಕಾಲಿನ ಸ್ಟ್ಯಾಂಡ್ ಹಾಕಿಸಿದೆವು. ಹ್ಯಾಂಡಲ್ ತಿರುಗದ ಹಾಗೆ ಹಿಡಿಯುವ ಸ್ಪ್ರಿಂಗ್ ಕೂಡಾ. ಎರಡಕ್ಕೂ ಹೆಚ್ಚು ಖರ್ಚಿಲ್ಲ. ಮಗುವನ್ನು ಕೊನೆಗೆ ಹತ್ತಿಸು, ಮೊದಲು ಇಳಿಸು.

ಎತ್ತರದ ವಿಷಯ. ಡಚ್ ಸೈಕಲ್‌ಗಳು ಡಚ್ಚರ ಅಳತೆಯವು. ಐದಡಿ ನಾನು, ಮೊದಲ ಸೈಕಲ್‌ನಲ್ಲಿ ಸಿಗ್ನಲ್ ಬಂದಾಗಲೆಲ್ಲ ನೆಗೆದು ಇಳಿಯಬೇಕಿತ್ತು. ಸೀಟಿನಲ್ಲಿ ಕೂತಾಗ ಪಾದ ನೆಲಕ್ಕೆ ತಾಗಬೇಕು. ಸೆಕೆಂಡ್‌ಹ್ಯಾಂಡ್ ಧಾರಾಳ ಸಾಕು. ಆದರೆ ಫ್ರೇಮ್ ನಂಬರ್ ಕೊಟ್ಟು ಅದು ಕದ್ದ ಮಾಲೋ ಎಂದು ಆನ್‌ಲೈನಿನಲ್ಲಿ ನೋಡಿಯೇ ದುಡ್ಡು ಕೊಡು. ಕೆಲವದರಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್. ಊರಿನಲ್ಲಿ ಇಳಿಜಾರಿನಲ್ಲಿ ಸುಮ್ನೆ ಹಿಂದಕ್ಕೆ ತಿರುಗಿಸುವ ಅಭ್ಯಾಸ ಇರುತ್ತದಲ್ಲ, ಅದು ಇಲ್ಲಿ ಗಕ್ಕನೆ ನಿಲ್ಲಿಸಿಬಿಡುತ್ತದೆ.

ಮಳೆಯ ಚಿಂತೆ ಬಿಡು. ಆಟಿ ಮಳೆ ಕಂಡವಳಿಗೆ ಇದು ಮಳೆಯೇ ಅಲ್ಲ. ಗುಡ್ಡೆಯೂ ಇಲ್ಲ. ಕಾಡುವುದು ಎದುರುಗಾಳಿ. ಮುಂದಿನ ಸೀಟಿಗೆ ಒಂದು ಪುಟ್ಟ ಗಾಳಿತಡೆ ಸಿಗುತ್ತದೆ, ಚಳಿಗಾಲಕ್ಕೆ ಮೊದಲೇ ತಗೋ.

ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ ಅಂತೀಯ. ಈಗಲೇ ಯಾರದಾದರೂ ಸೈಕಲ್ ತಂದು ಶಾಲೆ ಮೈದಾನದಲ್ಲಿ ಓಡಿಸು, ಹೈವೇ ಕಡೆ ಬೇಡ. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸಲು, ಹಿಂದೆ ತಿರುಗಿ ನೋಡಲು ಬಂದರೆ ಅರ್ಧ ಗೆದ್ದ ಹಾಗೆ. ಇಲ್ಲಿಗೆ ಬಂದ ಮೇಲೆ ಎರಡು ವಾರ ಒಬ್ಬಳೇ ಹೋಗು. ಆಮೇಲೆ ಮಗುವಿನ ಸೀಟಿನಲ್ಲಿ 10 ಕೆಜಿ ಅಕ್ಕಿ ಚೀಲ ಕಟ್ಟಿ ಓಡಿಸು. ನಾನು ಹಾಗೆಯೇ ಕಲಿತದ್ದು. ಚೀಲ ಒಮ್ಮೆ ಕಾಲುವೆ ಬದಿಯಲ್ಲಿ ಒಡೆದು ಬಾತುಕೋಳಿಗಳಿಗೆ ಹಬ್ಬವಾಯ್ತು, ಅದು ಬೇರೆ ಕತೆ.

ಮುಂದಿನ ಸೀಟು ಹೊಸದು ತರಬೇಡ. ನಮ್ಮದು ಅಟ್ಟದಲ್ಲಿದೆ, ಮಗ ಈಗ ತನ್ನದೇ ಸೈಕಲ್‌ನಲ್ಲಿ ಹೋಗುತ್ತಾನೆ. ಹ್ಯಾಂಡಲ್‌ಗೆ ಸಿಕ್ಕಿಸುವ ಕ್ಲಾಂಪ್ ಮಾತ್ರ ನೀನೇ ಕೊಳ್ಳಬೇಕು, ಅದು ಮಾರಿದ ಸೈಕಲ್‌ನ ಜೊತೆ ಹೋಯ್ತು.