ನಾಯಿ ರಸ್ತೆಯಲ್ಲಿ ನಿಂತದ್ದೂ ಒಂದು ಸುಳಿವು

ಕಟಪಾಡಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಪಕ್ಕದ ಮನೆಯಲ್ಲಿ ಕಳ್ಳತನವಾಯಿತು. ನಾವು ಹತ್ತಿಪ್ಪತ್ತು ಜನ ಒಳಗೆ ಹೋಗಿ ನೋಡಿದೆವು. ಮಧ್ಯಾಹ್ನ ಶ್ವಾನದಳ ಬಂತು. ನಾಯಿ ಕಪಾಟು ಮೂಸಿ, ಹಿತ್ತಲು ದಾಟಿ, ಮುಖ್ಯರಸ್ತೆಗೆ ಓಡಿ ನಿಂತುಬಿಟ್ಟಿತು. ಕಳ್ಳ ಸಿಗಲಿಲ್ಲ. ಇದೆಲ್ಲ ಸುಮ್ನೆ ಜನರ ಸಮಾಧಾನಕ್ಕೆ ಅಲ್ವಾ?"

ಖಂಡಿತ ಅಲ್ಲ. ರಸ್ತೆಯಲ್ಲಿ ವಾಸನೆ ಕಡಿದುಹೋದರೆ ಕಳ್ಳ ಅಲ್ಲಿ ಬೈಕೋ ಕಾರೋ ಹತ್ತಿರಬಹುದು. ಪೊಲೀಸರು ಇನ್ನು ಆ ರಸ್ತೆಯ ಅಂಗಡಿ, ಪೆಟ್ರೋಲ್ ಬಂಕ್‌ಗಳ ಸಿಸಿಟಿವಿ ನೋಡಿದರಾಯಿತು, ಇಡೀ ಊರಿನದ್ದು ಬೇಡ. ನಾಯಿ ಹೋದ ದಾರಿಯಲ್ಲೇ ಕಳ್ಳ ಬಿಸಾಡಿದ ಚೀಲ, ಹೆಜ್ಜೆ ಗುರುತು ಸಿಗುವುದೂ ಉಂಟು. ತನಿಖೆಗೆ ಒಂದು ದಿಕ್ಕು ಸಿಕ್ಕರೆ ಅದು ಸಣ್ಣ ಸಹಾಯವಲ್ಲ.

ಆದರೆ ನಾಯಿ ಒಬ್ಬನ ಮುಂದೆ ನಿಂತು ಬೊಗಳಿದ ಮಾತ್ರಕ್ಕೆ ಅವನು ಅಪರಾಧಿ ಆಗುವುದಿಲ್ಲ. ನಾಯಿಯನ್ನು ತನಿಖೆಗೆ ಬಳಸಬಹುದು, ಅದರ ಮೂಗನ್ನು ಸಾಕ್ಷಿ ಮಾಡಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಇದು ಸರಿಯಾದ ಮಾತು. ಸಾಕ್ಷಿಕಟ್ಟೆಯಲ್ಲಿ ನಾಯಿಗೆ ಪಾಟೀಸವಾಲು ಹಾಕುವುದು ಹೇಗೆ? ಬೆರಳಚ್ಚು, ಕದ್ದ ಮಾಲು ಇವನ್ನೆಲ್ಲ ಪೊಲೀಸರೇ ಹುಡುಕಬೇಕು.

ಎಲ್ಲ ನಾಯಿಗೂ ಒಂದೇ ಕೆಲಸ ಇರುವುದಿಲ್ಲ. ಅಪರಾಧ ಪತ್ತೆಗೆ ಒಂದು, ಸ್ಫೋಟಕಕ್ಕೆ ಇನ್ನೊಂದು, ಗಾಂಜಾದಂಥ ಮಾದಕ ವಸ್ತುವಿಗೆ ಬೇರೊಂದು. ಸ್ಫೋಟಕದ ನಾಯಿ ವಾಸನೆ ಸಿಕ್ಕರೆ ಬೊಗಳುವುದಿಲ್ಲ, ಕೆರೆಯುವುದೂ ಇಲ್ಲ. ಸುಮ್ಮನೆ ಕೂತು ತನ್ನ ಹ್ಯಾಂಡ್ಲರ್‌ಗೆ ತಿಳಿಸುತ್ತದೆ, ಯಾಕೆಂದರೆ ಕಾಲು ತಾಗಿದರೂ ಅಪಾಯ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಚೀಲ ಸಿಕ್ಕಿ, ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದ್ದು ನೆನಪಿರಬಹುದು. ಜನ ಸೇರುವ ಜಾಗದಲ್ಲಿ ಇಂಥ ನಾಯಿಗಳು ಯಾಕೆ ಬೇಕು ಎನ್ನಲು ನಮ್ಮ ಜಿಲ್ಲೆಗಳಿಗೆ ಬೇರೆ ಉದಾಹರಣೆ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ "ಹತ್ತಿಪ್ಪತ್ತು ಜನ". ನೀವೆಲ್ಲ ಕಾಳಜಿಯಿಂದಲೇ ಹೋದಿರಿ, ಗೊತ್ತು. ಆದರೆ ಕಳ್ಳ ಮುಟ್ಟಿದ ಕಪಾಟನ್ನು ನೀವೂ ಮುಟ್ಟಿದಿರಿ, ಅವನು ತುಳಿದ ನೆಲವನ್ನು ನೀವೂ ತುಳಿದಿರಿ. ನಾಯಿ ಅಷ್ಟೂ ಜನರ ನಡುವೆ ಒಬ್ಬನ ವಾಸನೆ ಬಿಡಿಸಿಕೊಳ್ಳಬೇಕು. ಹೊತ್ತು ಹೋದಷ್ಟೂ, ಬಿಸಿಲು ಏರಿದಷ್ಟೂ ವಾಸನೆ ಕರಗುತ್ತದೆ. ಜುಲೈ ತಿಂಗಳ ನಮ್ಮ ಜಡಿಮಳೆಯಂತೂ ಅಂಗಳದ ಜಾಡನ್ನು ತೊಳೆದೇ ಬಿಡುತ್ತದೆ. ಅಂಥದ್ದರಲ್ಲೂ ನಿಮ್ಮೂರಿಗೆ ಬಂದ ನಾಯಿ ರಸ್ತೆಯವರೆಗೆ ದಾರಿ ತೋರಿಸಿದೆ. ನನಗೆ ಅದರ ಮೇಲೆ ಗೌರವ ಜಾಸ್ತಿಯೇ ಆಯಿತು.

ಇನ್ನು ಮುಂದೆ ಇಂಥದ್ದಾದರೆ ಬಾಗಿಲ ಹೊರಗೇ ನಿಂತು 112ಕ್ಕೆ ಕರೆ ಮಾಡಿ. ಚೆಲ್ಲಿದ ಬಟ್ಟೆ ಮಡಚಿಡಬೇಡಿ, ನೆಲ ಒರೆಸಬೇಡಿ. ಕಳ್ಳ ಬಿಟ್ಟುಹೋದ ವಸ್ತು ಕಂಡರೆ ಕೈ ಹಾಕಬೇಡಿ, ನಾಯಿಗೆ ಮೊದಲು ಮೂಸಿಸುವುದು ಅದನ್ನೇ. ನಾಯಿ ಬಂದಾಗ ಕರೆಯುವುದು, ಬಿಸ್ಕತ್ತು ಹಾಕುವುದು, ಮೊಬೈಲ್ ಹಿಡಿದು ಹಿಂದೆ ಓಡುವುದು ಬೇಡ. ಅಷ್ಟರೊಳಗೆ ಯಾರಾದರೂ ಒಳಗೆ ಹೋಗಿದ್ದರೆ ಅವರ ಹೆಸರನ್ನು ಪೊಲೀಸರಿಗೆ ಮೊದಲೇ ಹೇಳಿಬಿಡಿ.

— ಸಂಪಾದಕ