ಅಡ್ಡಗೋಡೆಯಿಲ್ಲದ ಬಯಲು: ಶಾಂಪೇನ್ ಕೌಂಟಿಯ ಹವೆಯ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ಕೌಂಟಿಯಲ್ಲಿ, ಅರ್ಬಾನಾ ಎಂಬ ಊರಿನಲ್ಲಿದ್ದಾಳೆ. ಬೆಳಿಗ್ಗೆ ಫೋನ್ ಮಾಡಿದಾಗ ಸ್ವೆಟರ್ ಕೂಡ ಬೇಡವೆಂದವಳು ಅದೇ ರಾತ್ರಿ ಹಿಮ ಬೀಳುತ್ತಿದೆ ಎನ್ನುತ್ತಾಳೆ. ಒಂದೇ ದಿನದಲ್ಲಿ ಹೀಗಾಗುವುದುಂಟೆ? ಮುಂದಿನ ವರ್ಷ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗಬೇಕೆಂದಿದ್ದೇವೆ. ವಯಸ್ಸಾದವರಿಗೆ ಯಾವ ತಿಂಗಳುಗಳು ಒಗ್ಗುತ್ತವೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳುತ್ತಿರುವುದು ನಿಜ. ನಮ್ಮ ದೇಶದ ಉತ್ತರಕ್ಕೆ ಹಿಮಾಲಯವು ಪೂರ್ವ–ಪಶ್ಚಿಮವಾಗಿ ಅಡ್ಡಗೋಡೆಯಂತೆ ನಿಂತಿರುವುದರಿಂದ ಮಧ್ಯ ಏಷ್ಯಾದ ಕೊರೆಯುವ ಗಾಳಿ ನಮ್ಮವರೆಗೆ ಬರುವುದಿಲ್ಲ. ಅಮೆರಿಕದ ದೊಡ್ಡ ಪರ್ವತಸಾಲುಗಳಾದರೋ ಉತ್ತರ–ದಕ್ಷಿಣವಾಗಿ ಚಾಚಿಕೊಂಡಿವೆ. ಹೀಗಾಗಿ ಕೆನಡಾದ ಒಣ ಶೀತಗಾಳಿಯಾಗಲಿ, ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿಯಾಗಲಿ ಯಾವ ತಡೆಯೂ ಇಲ್ಲದೆ ನಡುನಾಡಿನ ಬಯಲಿಗೆ ನುಗ್ಗುತ್ತವೆ. ಶಾಂಪೇನ್ ಕೌಂಟಿ (ಹೆಸರು ಕೇಳಿ ಯಜಮಾನರು ಪಾನೀಯವನ್ನು ನೆನೆಯದಿರಲಿ, ಅಲ್ಲಿ ಬೆಳೆಯುವುದು ಮುಸುಕಿನ ಜೋಳ ಮತ್ತು ಸೋಯಾ) ಷಿಕಾಗೋದಿಂದ ಸುಮಾರು 215 ಕಿಲೋಮೀಟರ್ ದಕ್ಷಿಣಕ್ಕೆ, ಈ ಎರಡು ಗಾಳಿಗಳು ಕೈಬದಲಾಯಿಸುವ ದಾರಿಯಲ್ಲಿದೆ. ದಕ್ಷಿಣದ ಗಾಳಿ ಬೀಸುತ್ತಿರುವಷ್ಟು ಹೊತ್ತು ಮಾರ್ಚ್ ತಿಂಗಳ ಬೆಳಿಗ್ಗೆ ನಮ್ಮ ಮಲೆನಾಡಿನ ಬೆಳಗಿನಂತೆ ಹಿತವಾಗಿರುತ್ತದೆ. ಗಾಳಿ ವಾಯವ್ಯಕ್ಕೆ ತಿರುಗಿದರೆ ಕತ್ತಲಾಗುವಷ್ಟರಲ್ಲಿ ಉಷ್ಣಾಂಶ ಸೊನ್ನೆಗೆ ಇಳಿದಿರುತ್ತದೆ. 1836ರ ಡಿಸೆಂಬರ್ 20ರಂದು ಮಧ್ಯ ಇಲಿನಾಯ್‌ನಲ್ಲಿ ಇಂಥ ತಿರುವು ಎಷ್ಟು ಹಠಾತ್ತಾಗಿ ಬಂದಿತೆಂದರೆ, ಮಳೆಯಲ್ಲಿ ನೆನೆದ ಬಟ್ಟೆ ಮೈಮೇಲೆಯೇ ಕಲ್ಲಿನಂತೆ ಗಟ್ಟಿಯಾಯಿತೆಂದು ಆಗ ಅಲ್ಲಿ ನೆಲೆಸಿದ್ದವರು ಹೇಳಿಕೊಂಡಿದ್ದಾರೆ.

ವರ್ಷದ ಮಳೆ, ಕರಗಿದ ಹಿಮವೂ ಸೇರಿ, ಸುಮಾರು 1,040 ಮಿಲಿಮೀಟರ್. ಇದು ಬೆಂಗಳೂರಿನ ಮಳೆಗಿಂತ ತುಸುವೇ ಹೆಚ್ಚು. ಆದರೆ ಅಲ್ಲಿ ಮುಂಗಾರು, ಹಿಂಗಾರು ಎಂಬ ಕಟ್ಟುಪಾಡಿಲ್ಲ. ಮೇ, ಜೂನ್‌ಗಳಲ್ಲಿ ಹೆಚ್ಚು, ಜನವರಿ, ಫೆಬ್ರವರಿಗಳಲ್ಲಿ ಕಡಿಮೆ ಎಂಬುದನ್ನು ಬಿಟ್ಟರೆ ಹನ್ನೆರಡು ತಿಂಗಳೂ ಒಂದಿಷ್ಟು ಸುರಿಯುತ್ತಲೇ ಇರುತ್ತದೆ. ಜನವರಿಯಲ್ಲಿ ಹಗಲು ಸೊನ್ನೆ ಡಿಗ್ರಿಯ ಆಸುಪಾಸು, ರಾತ್ರಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಇರುವುದು ಸಾಮಾನ್ಯ. 2019ರ ಜನವರಿ 31ರಂದು ಇದೇ ರಾಜ್ಯದ ವಾಯವ್ಯ ಮೂಲೆಯ ಮೌಂಟ್ ಕ್ಯಾರಲ್‌ನಲ್ಲಿ ಮೈನಸ್ 39 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದು ರಾಜ್ಯದ ದಾಖಲೆಯಾಯಿತು. ಆದರೂ ಹಿಮದ ವಿಷಯದಲ್ಲಿ ನೀವು ಹೆದರಿರುವಷ್ಟು ಹೆದರಬೇಕಾಗಿಲ್ಲ: ಇಡೀ ಚಳಿಗಾಲದಲ್ಲಿ ಬೀಳುವುದು ಸುಮಾರು ಎರಡಡಿ, ಅದೂ ಬಿದ್ದಷ್ಟೂ ಉಳಿಯದೆ ನಡುನಡುವೆ ಕರಗಿಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ವಯಸ್ಸಾದವರು ಹೆದರಬೇಕಾದದ್ದು ಬಿಳಿಯ ಹಿಮಕ್ಕಲ್ಲ, ಹಗಲು ಕರಗಿದ ನೀರು ರಾತ್ರಿ ಕಾಲುದಾರಿಯ ಮೇಲೆ ಗಾಜಿನ ಪದರದಂತೆ ಹೆಪ್ಪುಗಟ್ಟಿ ಕಣ್ಣಿಗೆ ಕಾಣದೆ ಕುಳಿತಿರುವ ‘ಬ್ಲ್ಯಾಕ್ ಐಸ್’ಗೆ. ಜೊತೆಗೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುವುದರಿಂದ, ಮನೆಯಲ್ಲೇ ಕುಳಿತವರ ಮನಸ್ಸಿಗೂ ಅದು ಭಾರವೇ.

ಜುಲೈನ ಸೆಕೆಯೂ ಕಡಿಮೆಯದಲ್ಲ. ಉಷ್ಣಾಂಶ 30 ಡಿಗ್ರಿಯ ಹತ್ತಿರ ಎಂದು ಕೇಳಿ ದಾವಣಗೆರೆಯವರು ನಗಬಹುದು; ಆದರೆ ಕಣ್ಣು ಹಾಯುವವರೆಗೆ ಹಬ್ಬಿದ ಜೋಳದ ಹೊಲವೇ ಅಲ್ಲಿ ಬೆವರುತ್ತದೆ. ತುಂಬಿ ಬೆಳೆದ ಒಂದು ಎಕರೆ ಜೋಳ ದಿನಕ್ಕೆ ಹನ್ನೊಂದರಿಂದ ಹದಿನೈದು ಸಾವಿರ ಲೀಟರ್ ನೀರನ್ನು ಗಾಳಿಗೆ ಬಿಡುವುದರಿಂದ ಸೆಕೆ ಮಂಗಳೂರಿನದೇ ಆಗಿರುತ್ತದೆ. ನಾನಾದರೆ ಆಗಸ್ಟ್ ಕೊನೆಯಲ್ಲಿ ಹೋಗಿ ಸೆಪ್ಟೆಂಬರ್, ಅಕ್ಟೋಬರ್‌ಗಳನ್ನು ಅಲ್ಲಿ ಕಳೆದು, ಮೇಪಲ್ ಎಲೆಗಳು ಕೆಂಪಾಗಿ ಉದುರುವುದನ್ನೂ ಕೊಯ್ಲು ಮುಗಿದ ಹೊಲಗಳನ್ನೂ ನೋಡಿಕೊಂಡು ನವೆಂಬರ್‌ನಲ್ಲಿ ಹಿಂದಿರುಗುತ್ತಿದ್ದೆ.

ಪ್ರಶ್ನೆ: ಮಗನ ಮನೆಗೆಂದು ಇಲ್ಲಿಗೆ ಬಂದಿದ್ದೇನೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಊರೆಲ್ಲ ಸೈರನ್ ಮೊಳಗಿತು. ಮನೆಯಲ್ಲಿ ಒಬ್ಬಳೇ ಇದ್ದ ನನಗೆ ಕೈಕಾಲು ಆಡಲಿಲ್ಲ. ಅದು ಏನು?
– ಓದುಗರೊಬ್ಬರು, ಶಾಂಪೇನ್

ಉತ್ತರ: ಅದು ತಿಂಗಳ ಮೊದಲ ಮಂಗಳವಾರವಾಗಿತ್ತಲ್ಲವೇ? ಇಲಿನಾಯ್‌ನಲ್ಲಿ ಆ ದಿನ ಬೆಳಿಗ್ಗೆ ಹತ್ತಕ್ಕೆ ಸುಂಟರಗಾಳಿಯ ಎಚ್ಚರಿಕೆ ಕೊಡುವ ಸೈರನ್‌ಗಳನ್ನು ಪರೀಕ್ಷಿಸುವ ರೂಢಿಯಿದೆ. ಆದರೆ ಬೇರೆ ಹೊತ್ತಿನಲ್ಲಿ, ಅದರಲ್ಲೂ ಮೋಡ ಕವಿದಿರುವಾಗ ಅದು ಮೊಳಗಿದರೆ ಪರೀಕ್ಷೆಯೆಂದು ಸುಮ್ಮನಿರಬಾರದು. ಸುಂಟರಗಾಳಿಗೆ ಅನುಕೂಲವಾದ ವಾತಾವರಣವಿದ್ದರೆ ‘ವಾಚ್’ ಎಂದೂ, ಸುಂಟರಗಾಳಿಯನ್ನು ಯಾರಾದರೂ ಕಂಡಿದ್ದರೆ ಅಥವಾ ರೇಡಾರ್ ಸೂಚಿಸಿದ್ದರೆ ‘ವಾರ್ನಿಂಗ್’ ಎಂದೂ ಪ್ರಕಟಿಸುತ್ತಾರೆ. ‘ವಾರ್ನಿಂಗ್’ ಬಂದೊಡನೆ ನೆಲಮಾಳಿಗೆಗೆ ಇಳಿಯಬೇಕು. ಅದಿಲ್ಲದಿದ್ದರೆ ಕೆಳಗಿನ ಅಂತಸ್ತಿನ, ಕಿಟಕಿಯಿಲ್ಲದ ಒಳಕೋಣೆಯೋ ಬಚ್ಚಲೋ ಸರಿ. ಸೈರನ್ ಇರುವುದು ಮುಖ್ಯವಾಗಿ ಹೊರಗಿರುವವರಿಗಾಗಿ; ಮನೆಯೊಳಗೆ ನಿದ್ದೆಯಲ್ಲಿದ್ದವರಿಗೆ ಅದು ಕೇಳಿಸದೆಯೂ ಹೋಗಬಹುದಾದ್ದರಿಂದ ಫೋನಿನ ಎಚ್ಚರಿಕೆಗಳನ್ನು ಆಫ್ ಮಾಡಬೇಡಿ.

ಸುಂಟರಗಾಳಿಗಳು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಬರುತ್ತವೆ, ಆದರೆ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ನಿಮ್ಮದೇ ಕೌಂಟಿಯ ಗಿಫರ್ಡ್ ಎಂಬ ಪುಟ್ಟ ಊರನ್ನು ಅದು ಹಾಳುಗೆಡವಿದ್ದು 2013ರ ನವೆಂಬರ್ 17ರ ಭಾನುವಾರ. ಇನ್ನೊಂದು ಸಂಗತಿ ನಿಮಗೆ ಧೈರ್ಯ ತರಬಹುದು: ಸುಂಟರಗಾಳಿಯಿರುವ ಮೋಡವು ರೇಡಾರ್ ಪರದೆಯ ಮೇಲೆ ಕೊಕ್ಕೆಯ ಆಕಾರದಲ್ಲಿ ಕಾಣುತ್ತದೆ ಎಂಬುದು ಮೊದಲು ದಾಖಲಾದದ್ದೇ ನಿಮ್ಮ ಊರಿನ ವಿಲ್ಲರ್ಡ್ ವಿಮಾನ ನಿಲ್ದಾಣದಲ್ಲಿ, 1953ರ ಏಪ್ರಿಲ್ 9ರಂದು. ಮಳೆಯನ್ನು ಅಳೆಯಲು ಇಟ್ಟಿದ್ದ ರೇಡಾರಿನಲ್ಲಿ ಆ ಕೊಕ್ಕೆಯನ್ನು ಕಂಡವರು ಡೊನಾಲ್ಡ್ ಸ್ಟ್ಯಾಗ್ಸ್. ಇಂದಿನ ಮುನ್ಸೂಚಕರೂ ಅದೇ ಕೊಕ್ಕೆಯನ್ನು ಹುಡುಕುತ್ತಾರೆ.

ಪ್ರಶ್ನೆ: ಅರ್ಬಾನಾದ ನಮ್ಮ ಹಿತ್ತಲಿನಲ್ಲಿ ಅವರೆ ಬಳ್ಳಿ ಸೊಂಪಾಗಿ ಹಬ್ಬಿತು, ಆದರೆ ಒಂದು ಬೊಗಸೆ ಕಾಯಿಯೂ ದಕ್ಕಲಿಲ್ಲ. ಮಣ್ಣಿನ ದೋಷವೇ?
– ಓದುಗರೊಬ್ಬರು, ಅರ್ಬಾನಾ

ಉತ್ತರ: ಮಣ್ಣನ್ನು ದೂರಬೇಡಿ. ಅಲ್ಲಿನ ಹುಲ್ಲುಗಾವಲಿನ ಕರಿಮಣ್ಣು ಜಗತ್ತಿನ ಉತ್ತಮ ಮಣ್ಣುಗಳಲ್ಲೊಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಜೌಗಾಗಿದ್ದ ಆ ನೆಲದಡಿ ಜೇಡಿಮಣ್ಣಿನ ಕೊಳವೆಗಳನ್ನು ಹೂತು ನೀರು ಬಸಿದ ಮೇಲೆ ಅದು ಕೃಷಿಗೆ ಒದಗಿತು. ದೋಷವಿರುವುದು ಹಗಲಿನ ಉದ್ದದಲ್ಲಿ. ನಮ್ಮ ಹಳೆಯ ಅವರೆ ತಳಿಗಳು ಹಗಲು ಕಿರಿದಾದಾಗಷ್ಟೇ ಹೂ ಬಿಡುತ್ತವೆ. ಅರ್ಬಾನಾದಲ್ಲಿ ಜೂನ್ ತಿಂಗಳ ಹಗಲು ಹದಿನೈದು ಗಂಟೆಗಳದು. ಬಳ್ಳಿ ಕಾದು ಕಾದು ಸೆಪ್ಟೆಂಬರ್‌ನಲ್ಲಿ ಹೂ ಬಿಡುವಷ್ಟರಲ್ಲಿ ಅಕ್ಟೋಬರ್ ನಡುವಿನ ಫ್ರಾಸ್ಟ್, ಎಂದರೆ ಇಬ್ಬನಿ ಎಲೆಯ ಮೇಲೆಯೇ ಹೆಪ್ಪುಗಟ್ಟುವ ಚಳಿ, ಅದನ್ನು ಸುಟ್ಟುಬಿಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಮತ್ತು 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಆದರೆ ಅಗತ್ಯ ಪ್ರಮಾಣಪತ್ರಗಳಿಲ್ಲದೆ ಬಿತ್ತನೆ ಬೀಜವನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲವಾದ್ದರಿಂದ, ಊರಿನಿಂದ ಬರುವವರ ಸೆರಗಿನಲ್ಲಿ ಕಟ್ಟಿಸಿ ತರಿಸಬೇಡಿ. ಬದನೆ, ಬೆಂಡೆ, ಮೆಣಸಿನಕಾಯಿಗಳಿಗೆ ಹಗಲಿನ ಉದ್ದದ ತೊಡಕಿಲ್ಲ. ಏಪ್ರಿಲ್‌ನ ಬಿಸಿಲಿಗೆ ಮರುಳಾಗದೆ ಮೇ ಎರಡನೆಯ ವಾರದವರೆಗೆ ಕಾದು ನೆಡಿ. ಕುಂಡದ ಕರಿಬೇವನ್ನು ಮಾತ್ರ ಸೆಪ್ಟೆಂಬರ್ ಮುಗಿಯುವ ಮೊದಲೇ ಒಳಗಿಟ್ಟು, ದಕ್ಷಿಣದ ಕಿಟಕಿಯ ಬಳಿ ನಿಲ್ಲಿಸಿ, ನೀರನ್ನು ತಗ್ಗಿಸಿ.