ಹಿರಿಯರ ಪ್ರಶ್ನೆ, ನಮ್ಮ ಉತ್ತರ: ಏಕಾದಶಿ, ಸಾಷ್ಟಾಂಗ, ಅಣ್ಣಾವ್ರ ಕಣ್ಣು, ಭೀಮಸೇನರ ಕ್ಯಾಸೆಟ್

ನನಗೆ 72 ವರ್ಷ. ಒಮ್ಮೆಯೂ ಏಕಾದಶಿ ತಪ್ಪಿಸಿದವನಲ್ಲ. ಆಷಾಢ ಏಕಾದಶಿಯ ದಿನ ವಡಾಲದ ವಿಠ್ಠಲ ಮಂದಿರದ ಸಾಲಿನಲ್ಲೂ ನಿರಾಹಾರವಾಗಿಯೇ ನಿಲ್ಲುತ್ತೇನೆ. ಈಗ ಸಕ್ಕರೆ ಕಾಯಿಲೆ, ಬಿ.ಪಿ. ಎರಡಕ್ಕೂ ಮಾತ್ರೆ ನಡೆದಿದೆ. ಉಪವಾಸ ಬಿಡಿ ಎಂದು ಮಗಳ ಹಟ. ಬಿಟ್ಟರೆ ವ್ರತಭಂಗವಾಗುವುದಿಲ್ಲವೇ?
– ಓದುಗರು, ಡೊಂಬಿವಲಿ

ವ್ರತ ಬಿಡಬೇಕಾಗಿಲ್ಲ, ಮಾಡುವ ಕ್ರಮ ಬದಲಾಗಬೇಕು. ಎಂಟು ದಾಟಿ ಎಂಬತ್ತು ತುಂಬದವರೆಲ್ಲ ಏಕಾದಶಿ ಮಾಡಬೇಕೆಂಬ ವಚನ ನಿಮ್ಮ ಮನಸ್ಸಿನಲ್ಲಿರಬಹುದು. ಅದರ ಜೊತೆಗೇ ಮಹಾಭಾರತದ ಉದ್ಯೋಗಪರ್ವದ ಮಾತನ್ನೂ ಇಟ್ಟುಕೊಳ್ಳಿ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ – ಈ ಎಂಟರಿಂದ ವ್ರತ ಕೆಡುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಮಾತ್ರೆಯೊಂದಿಗೆ ಹಾಲು, ಹಣ್ಣು ತೆಗೆದುಕೊಂಡ ನಿಮ್ಮ ಏಕಾದಶಿಗೆ ಯಾವ ಕುಂದೂ ಇಲ್ಲ.

ಅಪಾಯ ಎಷ್ಟೆಂಬುದು ನೀವು ನುಂಗುವ ಮಾತ್ರೆ ಯಾವುದು ಎಂಬುದರ ಮೇಲಿದೆ. ಪಟ್ಟಿಯ ಮೇಲಿನ ಹೆಸರು ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯವು ನೀವು ಉಂಡಿರಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಬರಿಹೊಟ್ಟೆಯಲ್ಲಿ ಸಕ್ಕರೆ ದಿಢೀರನೆ ಇಳಿಯುವುದು ಇವುಗಳಿಂದಲೇ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಭಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ಕಥೆ ಬೇರೆ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ನಿರ್ಜಲ ಉಪವಾಸದಲ್ಲಿ ದೇಹ ಒಣಗುತ್ತದೆ, ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಸಾಲಿನಲ್ಲೇ ತಲೆಸುತ್ತಿ ಬೀಳುವ ಸಂಭವವಿದೆ. ಏಕಾದಶಿಗೆ ನಾಲ್ಕೈದು ದಿನ ಮೊದಲೇ ಪಟ್ಟಿಯನ್ನು ಡಾಕ್ಟರರ ಮುಂದಿಟ್ಟು, ಆ ದಿನ ಯಾವ ಮಾತ್ರೆ ಬೇಡ, ಯಾವುದರ ಪ್ರಮಾಣ ಕಡಿಮೆ ಎಂದು ಬರೆಸಿಕೊಳ್ಳಿ. ನೀವೇ ನಿರ್ಧರಿಸಿ ಮಾತ್ರೆ ಬಿಡುವುದೂ ಅಷ್ಟೇ ಕೆಟ್ಟದ್ದು.

ಆ ದಿನ ಗ್ಲುಕೋಮೀಟರ್ ಜೇಬಿನಲ್ಲಿರಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿಕೊಳ್ಳಿ. ಬೆವರು, ನಡುಕ, ಮಂಕು ಕವಿದಂತಾದರೆ ತಕ್ಷಣ ನೋಡಿ. 70ಕ್ಕಿಂತ ಕೆಳಗಿದ್ದರೆ ಅಲ್ಲಿಗೆ ಉಪವಾಸ ಮುಗಿಯಿತು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಇನ್ನೂ ಏರಿರದಿದ್ದರೆ ಮತ್ತೆ ಅಷ್ಟೇ. 300 ದಾಟಿದರೂ ಉಪವಾಸ ನಿಲ್ಲಿಸಿ ಡಾಕ್ಟರರಿಗೆ ಫೋನ್ ಮಾಡಿ. ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ನಡುಕವಾಗಲಿ ಎದೆಬಡಿತವಾಗಲಿ ಅಷ್ಟಾಗಿ ಕಾಣಿಸದು. ಬೆವರೊಂದೇ ಸುಳಿವು. ಮುಂಬಯಿಯ ಸೆಕೆಯಲ್ಲಿ ಆ ಬೆವರನ್ನೂ ಸೆಕೆಯದೇ ಎಂದುಕೊಂಡುಬಿಡುತ್ತೇವೆ. ಅದಕ್ಕೇ ಮೀಟರ್ ಬೇಕು.

ಇನ್ನು ಇಲ್ಲಿನ ಉಪವಾಸದ ತಟ್ಟೆ. ಸಾಬುದಾಣಾ ಖಿಚಡಿ ಹೆಚ್ಚುಕಡಿಮೆ ಬರೀ ಪಿಷ್ಟ, ಆಲೂಗಡ್ಡೆಯೂ ಅದರೊಳಗೆ. ಸಕ್ಕರೆ ಸರ್ರನೆ ಏರಿಸುತ್ತದೆ. ಅದರ ಬದಲು ಹಾಲು, ಮಜ್ಜಿಗೆ, ಒಂದು ಸೇಬು ಅಥವಾ ಸೀಬೆಹಣ್ಣು, ಒಂದು ಹಿಡಿ ಶೇಂಗಾ ಸಾಕು. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ನೀರು ಬಿಡಲೇಬೇಡಿ. ಮಗಳ ಹಟವನ್ನು ಅರ್ಧ ಒಪ್ಪಿಕೊಳ್ಳಿ: ವಡಾಲದ ಸಾಲಿಗೆ ಅವಳನ್ನೂ ಕರೆದುಕೊಂಡು ಹೋಗಿ.

ಎರಡೂ ಮಂಡಿ ಬದಲಾಯಿಸಿದ್ದಾರೆ. ದೇವರಿಗೆ ಸಾಷ್ಟಾಂಗ ಹಾಕದೆ ಮನಸ್ಸಿಗೆ ಸಮಾಧಾನವಿಲ್ಲ. ಹಾಕಬಹುದೇ?
– ಓದುಗರು, ನೆರೂಲ್

ನಿಮ್ಮ ಶಸ್ತ್ರಚಿಕಿತ್ಸಕರು ಒಪ್ಪಿದರೂ ನಮ್ಮ ಸಲಹೆ ಬೇಡ ಎಂದೇ. ಹೊಸ ಮಂಡಿಯ ಮೇಲೆ ಊರಿದರೆ ಕೀಲು ತಕ್ಷಣ ಕೆಡುತ್ತದೆ ಎಂದಲ್ಲ. ನೆಲಕ್ಕೆ ಇಳಿಯುವಾಗ, ಅದಕ್ಕಿಂತ ಹೆಚ್ಚಾಗಿ ಏಳುವಾಗ, ಬೀಳುವ ಭಯವೇ ದೊಡ್ಡದು. ಬಿದ್ದರೆ ಕೃತಕ ಕೀಲಿನ ಪಕ್ಕದ ಎಲುಬು ಮುರಿಯಬಹುದು, ಅದರ ರಿಪೇರಿ ಮೊದಲ ಆಪರೇಶನ್ನಿಗಿಂತ ಕಷ್ಟ. ಚಕ್ಕಳಮಕ್ಕಳ, ಕೆಳಮಟ್ಟದ ಮಣೆ ಎರಡನ್ನೂ ಬಿಡಿ. ಕೈಗಳಿರುವ, ನಿಮ್ಮ ಮಂಡಿಯಷ್ಟು ಎತ್ತರದ ಕುರ್ಚಿಯಲ್ಲಿ ಕುಳಿತು, ದೇವರ ಪೀಠವನ್ನೇ ಮೇಜಿನ ಮಟ್ಟಕ್ಕೆ ಏರಿಸಿಕೊಳ್ಳಿ. ನಿಂತು ಕೈಮುಗಿದು ತಲೆಬಾಗಿ, ಉಳಿದದ್ದು ಮನಸ್ಸಿನಲ್ಲಿ. ಮಾನಸಪೂಜೆಯನ್ನು ನಮ್ಮ ಹಿರಿಯರು ಕೀಳೆಂದು ಎಲ್ಲಿಯೂ ಹೇಳಿಲ್ಲ.

68 ತುಂಬಿದೆ, ಹುಡುಗನಾಗಿದ್ದಾಗಿನಿಂದ ಅಣ್ಣಾವ್ರ ಅಭಿಮಾನಿ. ಅವರಂತೆ ನಾನೂ ಕಣ್ಣು ಕೊಡಬೇಕು. ಆದರೆ ಪೊರೆಯ ಆಪರೇಶನ್ ಆಗಿದೆ, ಡಯಾಬಿಟಿಸ್ ಇದೆ. ಬೆಂಗಳೂರಿನ ಅವರ ಹೆಸರಿನ ನೇತ್ರ ಬ್ಯಾಂಕಿಗೇ ಕೊಡಲು ಬರುತ್ತದೆಯೇ? ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡನಾಗುತ್ತಾರೆ ಎಂದು ಹೆಂಡತಿ ಹೆದರುತ್ತಾಳೆ.
– ಓದುಗರು, ಠಾಣೆ

ಕೊನೆಯದನ್ನೇ ಮೊದಲು ತೆಗೆದುಕೊಳ್ಳೋಣ, ಮನೆಯವರ ಒಪ್ಪಿಗೆ ಇಲ್ಲದೆ ನೇತ್ರದಾನ ನಡೆಯುವುದೇ ಇಲ್ಲ. ಡಾ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’. ಕಣ್ಣಪ್ಪ ತನ್ನ ಕಣ್ಣನ್ನೇ ಕಿತ್ತು ಶಿವನಿಗಿಟ್ಟ. ಅದರಿಂದ ಅವನು ಕುರುಡನಾಗಲಿಲ್ಲ, ನಾಯನ್ಮಾರರಲ್ಲಿ ಒಬ್ಬನಾದ. ದಧೀಚಿ ಇಂದ್ರನ ವಜ್ರಾಯುಧಕ್ಕೆ ತನ್ನ ಎಲುಬನ್ನೇ ಕೊಟ್ಟ. ಚಿತೆಯಲ್ಲಿ ಬೂದಿಯಾಗುವ ಅಂಗವನ್ನು ಕೊಟ್ಟವನಿಗೆ ಕೇಡಾಗುವುದಾದರೆ ಇವರಿಬ್ಬರನ್ನೂ ನಾವು ಪೂಜಿಸುತ್ತಿರಲಿಲ್ಲ. ಇದನ್ನು ನಿಮ್ಮವರಿಗೆ ಓದಿ ಹೇಳಿ. ಮುಖ ವಿಕಾರವಾದೀತೆಂಬ ಭಯವೂ ಇರುತ್ತದೆ. ತೆಗೆಯುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ. ರೆಪ್ಪೆ ಮುಚ್ಚಿಯೇ ಇರುತ್ತದೆ, ಅಂತಿಮ ದರ್ಶನಕ್ಕೆ ಬಂದವರಿಗೆ ತಿಳಿಯುವುದೂ ಇಲ್ಲ.

ವಯಸ್ಸು, ಕನ್ನಡಕ, ಪೊರೆಯ ಆಪರೇಶನ್, ಡಯಾಬಿಟಿಸ್, ಬಿ.ಪಿ. ಯಾವುದೂ ಅಡ್ಡಿಯಲ್ಲ. ಪೊರೆ ಬರುವುದು ಒಳಗಿನ ಮಸೂರಕ್ಕೆ, ಕಾರ್ನಿಯಾಕ್ಕಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತದ ಕ್ಯಾನ್ಸರ್, ರಕ್ತಕ್ಕೆ ಹಬ್ಬಿದ ತೀವ್ರ ಸೋಂಕು ಇದ್ದವರ ಕಾರ್ನಿಯಾ ಬಳಸುವುದಿಲ್ಲ.

ಬೆಂಗಳೂರಿಗೆ ಕಳಿಸುವ ಆಸೆ ಬಿಟ್ಟುಬಿಡಿ. ಸಾವಿನ ನಂತರ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಘೋಡ್‌ಬಂದರ್ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಮುಂಬಯಿಯ ತಂಡ ನಿಮ್ಮ ಮನೆ ಮುಟ್ಟುವುದೇ ಹೊತ್ತಾಗುತ್ತದೆ. ಹತ್ತಿರದ ನೇತ್ರ ಬ್ಯಾಂಕಿನಲ್ಲಿ ಹೆಸರು ಬರೆಸಿ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಅವರು ಹಾಕಿಕೊಟ್ಟ ದಾರಿಯಲ್ಲಿ ನಡೆಯಲು ಊರು ಯಾವುದಾದರೂ ಆದೀತು.

ಪ್ರತಿಜ್ಞಾಪತ್ರ ಬೀರುವಿನಲ್ಲಿದ್ದು, ಹದಿಮೂರನೆಯ ದಿನ ಕೈಗೆ ಸಿಗುವ ಮನೆಗಳಿವೆ. ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಗ ದುಬೈಯಲ್ಲೋ ಅಮೆರಿಕದಲ್ಲೋ ಇದ್ದರೆ ಅವನ ಒಪ್ಪಿಗೆಯನ್ನು ಈಗಲೇ ಪಡೆಯಿರಿ. ಅವನು ಬರಲೆಂದು ಕಾಯುತ್ತಾ ಆರು ಗಂಟೆ ಕಳೆದುಹೋಗುತ್ತದೆ. ಮನೆಯವರು ಆಗ ಮಾಡಬೇಕಾದ್ದು ಇಷ್ಟು: ಮೊದಲು ಬ್ಯಾಂಕಿಗೆ ಫೋನ್. ಎರಡೂ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡುವುದು. ಫ್ಯಾನ್ ಆರಿಸುವುದು, ಗಾಳಿಗೆ ಕಾರ್ನಿಯಾ ಒಣಗುತ್ತದೆ, ಎ.ಸಿ. ಇದ್ದರೆ ಹಾಕಬಹುದು. ತಲೆಯ ಕೆಳಗೆ ದಿಂಬಿಟ್ಟು ಸುಮಾರು ಆರು ಇಂಚು ಎತ್ತರಿಸುವುದು. ಡಾಕ್ಟರರಿಂದ ಮರಣ ಪ್ರಮಾಣಪತ್ರ ತರಿಸಿಡುವುದು. ತಂಡ ಬಂದು ಹತ್ತಿರದ ಬಂಧುವಿನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಪಡೆದು, ಸ್ವಲ್ಪ ರಕ್ತದ ಮಾದರಿಯನ್ನೂ ತೆಗೆದುಕೊಳ್ಳುತ್ತದೆ. ಹದಿನೈದಿಪ್ಪತ್ತು ನಿಮಿಷದ ಕೆಲಸ, ಖರ್ಚಿಲ್ಲ. ಪುರೋಹಿತರನ್ನು ಕರೆಸುವ ಮೊದಲೇ ಇದೆಲ್ಲ ಮುಗಿದಿರುತ್ತದೆ.

ಪಂಡಿತ್ ಭೀಮಸೇನ ಜೋಶಿಯವರ ದಾಸರ ಪದಗಳನ್ನು ರೇಡಿಯೋದಿಂದ ಹಿಡಿದಿಟ್ಟ ಕ್ಯಾಸೆಟ್‌ಗಳಿವೆ. ಬೆಳಗಿನ ಪೂಜೆಗೆ ಅವೇ ಬೇಕು. ಈಗ ದನಿ ಮಂದವಾಗಿದೆ, ಅಲೆದಾಡುತ್ತದೆ. ಕೆಲವಕ್ಕೆ ಬಿಳಿ ಪುಡಿ ಹತ್ತಿದೆ. ಉಳಿಸಬಹುದೇ?
– ಓದುಗರು, ಪುಣೆ

ಬಹುಪಾಲು ಉಳಿಯುತ್ತವೆ. ಗದಗಿನಿಂದ ಬಂದು ಪುಣೆಯಲ್ಲೇ ನೆಲೆಸಿದ ಆ ಕಂಠದ ಧ್ವನಿಮುದ್ರಿಕೆಗಳು ಅಂಗಡಿಯಲ್ಲಿ ಸಿಗುತ್ತವೆ. ನೀವು ಹಿಡಿದಿಟ್ಟದ್ದು ಸಿಗದಿರಬಹುದು. ಕೆಲಸವನ್ನು ಮುಂದಿನ ಮಳೆಗಾಲದೊಳಗೆ ಮುಗಿಸಿ.

ಬಿಳಿ ಪುಡಿ ಬೂಷ್ಟು. ಅಂಥ ಕ್ಯಾಸೆಟ್ಟನ್ನು ಪ್ಲೇಯರ್‌ಗೆ ಹಾಕಲೇಬೇಡಿ, ಒಂದರದ್ದು ಪ್ಲೇಯರಿನಲ್ಲಿ ಟೇಪ್ ಓದುವ ಹೆಡ್‌ನ ಮೂಲಕ ಎಲ್ಲಕ್ಕೂ ಹಬ್ಬುತ್ತದೆ. ಅವನ್ನು ಬೇರೆ ಡಬ್ಬಿಯಲ್ಲಿಡಿ. ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ಕುಳಿತು, ಒಣ ಮೆತ್ತನೆ ಬಟ್ಟೆಯಿಂದ ಸುರುಳಿಯ ಅಂಚು ಒರೆಸಬೇಕು. ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಬಹುದು. ಅಂಟಿಸಿ ಮುಚ್ಚಿದ್ದಾದರೆ ತಿಳಿದವರ ಕೈಗೆ ಕೊಡಿ.

ದನಿ ಅಲೆದಾಡುವುದು ಸಾಮಾನ್ಯವಾಗಿ ಪ್ಲೇಯರಿನ ರಬ್ಬರ್ ಬೆಲ್ಟ್ ಹಿಗ್ಗಿದ್ದರಿಂದ. ಹಳೆ ಬೆಲ್ಟ್ ಹಿಡಿದು ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ವಿಚಾರಿಸಿ. ದನಿ ಮಂದವಾಗಲು ಮೂರು ಕಾರಣ. ಹೆಡ್ ಕೊಳೆಯಾಗಿರುತ್ತದೆ: ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ (ರಬ್ಬರ್ ಉರುಳೆಗೆ ಮಾತ್ರ ಆಲ್ಕೊಹಾಲ್ ಬೇಡ, ಅದು ಬಿರುಕು ಬಿಡುತ್ತದೆ). ಇಲ್ಲವೇ ಕ್ಯಾಸೆಟ್ಟಿನ ನಡುವೆ ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಪ್ಯಾಡ್ ಉದುರಿರುತ್ತದೆ: ಟೇಪನ್ನು ಒಳ್ಳೆಯ ಖಾಲಿ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಬೇಕು. ಎರಡೂ ಸರಿಯಿದ್ದರೆ ಹೆಡ್‌ನ ಕೋನ ತಪ್ಪಿದೆ. ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ತಂಬೂರಿ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ.

ನಂತರ ಕಂಪ್ಯೂಟರಿಗೆ. ವರ್ಷಗಟ್ಟಲೆ ಮುಟ್ಟದ ಟೇಪನ್ನು ಮೊದಲು ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ. ಅಂಟಿಕೊಂಡ ಸುತ್ತುಗಳು ಬಿಡಿಸಿಕೊಳ್ಳುತ್ತವೆ. ಪ್ಲೇಯರಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಕೊಡಿ. ಮೈಕ್ ತೂತಿಗೆ ಕೊಟ್ಟರೆ ದನಿ ಒಡೆಯುತ್ತದೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು: 44.1 ಕಿಲೋಹರ್ಟ್ಸ್, 16 ಬಿಟ್, ವೇವ್ ಫೈಲ್. ಪಂಡಿತರ ತಾರಸ್ಥಾಯಿಯ ತಾನುಗಳಲ್ಲಿ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಸಿ-60, ಅಂದರೆ ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಸುಮಾರು 600 ಎಂಬಿ ಬೇಕಾಗುತ್ತದೆ. ಟೇಪಿನ ಓಟದ ಹೊತ್ತು ಅಷ್ಟೂ ಕುಳಿತಿರಬೇಕು, ವೇಗ ಹೆಚ್ಚಿಸುವ ದಾರಿಯಿಲ್ಲ. ಬುಸ್ ಸದ್ದು ತೆಗೆಯುವ ಆಯ್ಕೆಯನ್ನು ಮುಟ್ಟದಿರುವುದೇ ಒಳ್ಳೆಯದು, ಅದು ತಂಬೂರಿಯನ್ನೂ ತಿನ್ನುತ್ತದೆ. ಮೂಲ ಫೈಲನ್ನು ಎರಡು ಕಡೆ ಇಟ್ಟು, ಪೂಜೆಗೆ ಎಂಪಿ3 ಪ್ರತಿ ಮಾಡಿಕೊಳ್ಳಿ. ಮನೆಯಲ್ಲಿ ಕೇಳಿ, ಯೂಟ್ಯೂಬಿಗೆ ಹಾಕಬೇಡಿ, ಹಕ್ಕು ಬೇರೆಯವರದು.

ಕ್ಯಾಸೆಟ್ಟುಗಳನ್ನು ಎಸೆಯಬೇಡಿ. ಒಂದು ಬದಿಗೆ ಪೂರ್ತಿ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಸ್ಪೀಕರಿನಿಂದ ದೂರವಿಡಿ.